ಕಾಟಾಕ್ಕೆ ಹಚ್ಚಿದ ಬಹುಮತ

ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಮೂರು ವರ್ಷ ನನ್ನ ಜೊತೆಗಿದ್ದ ಹುಡುಗ ಎಲ್‌ಎಲ್‌ಎಂ ಓದುತ್ತಿದ್ದ. ಉತ್ತರ ಭಾರತದವನು. ಪರೀಕ್ಷೆಯ ಹಿಂದಿನ ರಾತ್ರಿ ಹಾಲ್‌ನಲ್ಲಿ ಅಡ್ಡಾಡುತ್ತ “ಬೊಮ್ಮೈ, ಬೊಮ್ಮೈ” ಅಂತ ಉರು ಹೊಡೆಯುತ್ತಿದ್ದ. ಬಾಂಬೆ ಹೈಕೋರ್ಟಿನ ಯಾವುದೋ ಕೇಸು ಇರಬೇಕು ಅಂದುಕೊಂಡು ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಚಹಾ ಕೊಡೋಕೆ ಹೋದಾಗ ಪುಸ್ತಕ ಇಣುಕಿ ನೋಡಿದರೆ, ಎಸ್.ಆರ್. ಬೊಮ್ಮಾಯಿ! ಇವರು ನಮ್ಮ ಜಿಲ್ಲೆಯವರು ಕಣೋ ಅಂದೆ. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ಪೈಥಾಗೊರಸ್ ನಮ್ಮ ಸೋದರಮಾವ ಅಂತ ನಾನು ಹೇಳಿದ ಹಾಗಿತ್ತು. ಅವನ ಪಾಲಿಗೆ ಬೊಮ್ಮಾಯಿ ಅಂದರೆ ಮನುಷ್ಯ ಅಲ್ಲ, ಒಂದು ಸೂತ್ರ.

ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರಲ್ಲಿ, ಸವಣೂರು-ಶಿಗ್ಗಾವಿ ಕಡೆಯ ಕಾರಡಗಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹುಬ್ಬಳ್ಳಿಯಲ್ಲಿ ವಕೀಲಿಕೆ, ಎಂ.ಎನ್. ರಾಯ್ ವಿಚಾರಗಳ ಸೆಳೆತ, ಏಕೀಕರಣದ ಹೋರಾಟ, ಆಮೇಲೆ ಜನತಾ ಪಕ್ಷ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿ ಆದರು. ಎಂಟು ತಿಂಗಳು ಇದ್ದರು, ಅಷ್ಟೇ.

ಆ ಎಂಟು ತಿಂಗಳ ಕೊನೆಯ ವಾರವನ್ನು ನಾನು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ಓದಿದೆ. ರಾತ್ರಿ ಸರ್ವರ್ ಬಿದ್ದಾಗ ಬೆಳಿಗ್ಗೆ ಕೂತು ಲಾಗ್ ಓದುತ್ತೇವಲ್ಲ, ಹಾಗೆ.

1989ರ ಏಪ್ರಿಲ್ 15: ಬೊಮ್ಮಾಯಿ ಸಂಪುಟ ವಿಸ್ತರಿಸಿ 13 ಮಂದಿಯನ್ನು ಸೇರಿಸಿಕೊಂಡರು. ಸಂಪುಟ ವಿಸ್ತರಣೆ ಅಂದರೆ ಗೊತ್ತಲ್ಲ, ಒಬ್ಬನಿಗೆ ಹೋಳಿಗೆ, ಹತ್ತು ಮಂದಿಗೆ ಹೊಟ್ಟೆಉರಿ. ಏಪ್ರಿಲ್ 17ಕ್ಕೆ ಜನತಾ ದಳದ ಶಾಸಕ ಕಲ್ಯಾಣರಾವ್ ಮೊಳಕೇರಿ ಪಕ್ಷ ಬಿಟ್ಟು, ಬೆಂಬಲ ವಾಪಸ್ ಪಡೆದಿದ್ದೇನೆ ಅಂತ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಪತ್ರ ಕೊಟ್ಟರು. ಮರುದಿನ ಮತ್ತೆ ಬಂದರು, ಈ ಸಲ ಕೈಯಲ್ಲಿ 19 ಪತ್ರ. ರಾಜ್ಯಪಾಲರು ವಿಧಾನಮಂಡಲದ ಕಾರ್ಯದರ್ಶಿಯನ್ನು ಕರೆಸಿ ಸಹಿ ತಾಳೆ ನೋಡಿಸಿದರು. 19ನೇ ತಾರೀಕು ರಾಷ್ಟ್ರಪತಿಗೆ ವರದಿ ಹೋಯಿತು: ಮುಖ್ಯಮಂತ್ರಿಗೆ ಬಹುಮತ ಇಲ್ಲ, ಬೇರೆ ಯಾವ ಪಕ್ಷಕ್ಕೂ ಸರ್ಕಾರ ಮಾಡುವ ಶಕ್ತಿ ಇಲ್ಲ.

20ನೇ ತಾರೀಕು ಕಥೆ ತಿರುಗಿತು. ಆ 19ರಲ್ಲಿ ಏಳು ಮಂದಿ ರಾಜ್ಯಪಾಲರಿಗೆ ಮತ್ತೊಂದು ಪತ್ರ ಬರೆದರು: ನಮ್ಮ ಸಹಿಯನ್ನು ತಪ್ಪು ಹೇಳಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ. ಅದೇ ದಿನ ಸಂಪುಟ ಸೇರಿ ಏಪ್ರಿಲ್ 27ಕ್ಕೆ ಅಧಿವೇಶನ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ಕಾನೂನು ಮಂತ್ರಿಯನ್ನು ಕರಕೊಂಡು ರಾಜಭವನಕ್ಕೆ ಹೋಗಿ, ಬಹುಮತ ಸದನದಲ್ಲೇ ಎಣಿಸಬೇಕು ಅಂತ ಸರ್ಕಾರಿಯಾ ಆಯೋಗ ಹೇಳಿದೆಯಲ್ಲ, ಎಣಿಸಿ ನೋಡೋಣ, ಬೇಕಾದರೆ ಅಧಿವೇಶನ ಇನ್ನೂ ಮುಂಚೆಯೇ ಇಡೋಣ ಅಂದರು. ರಾಜ್ಯಪಾಲರು ದಿಲ್ಲಿಗೆ ಎರಡನೇ ವರದಿ ಕಳಿಸಿದರು. ಏಳು ಮಂದಿಯ ಪತ್ರದ ಸಂಗತಿ ಅದರಲ್ಲಿ ಇತ್ತು, ಆದರೂ ಅಭಿಪ್ರಾಯ ಬದಲಾಗಲಿಲ್ಲ. 21ಕ್ಕೆ 356ನೇ ವಿಧಿ ಜಾರಿಯಾಗಿ ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆ ಆಯಿತು. 27ಕ್ಕೆ ಆರು ದಿನ ಬಾಕಿ ಇತ್ತು.

ಆಗ ನಾನು ತೊಟ್ಟಿಲಲ್ಲಿದ್ದೆ. ಅಪ್ಪನನ್ನು ಕೇಳಿದೆ, ನಿಮಗೇನಾದರೂ ನೆನಪಿದೆಯಾ ಅಂತ. ರಾಣೇಬೆನ್ನೂರು ತಾಲ್ಲೂಕಿನ ನಮ್ಮ ಊರಲ್ಲಿ ಹತ್ತಿ, ಗೋವಿನಜೋಳ, ಒಂದಿಷ್ಟು ಮೆಣಸಿನಕಾಯಿ ಬೆಳೆದ ಮನುಷ್ಯ. ರಾಜಕೀಯ ಮಾತಾಡೋದು ಕಡಿಮೆ. “ರೇಡಿಯೋದಾಗ ಹೇಳಿದ್ರು, ಸರ್ಕಾರ ಹೋತು ಅಂತ. ಎಣಿಸಿದ್ರೇನ ಅಂದ್ರ, ಎಣಿಸಿಲ್ಲಂತ” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಬ್ಯಾಡಗ್ಯಾಗ ದಲಾಲ ತನ್ನ ಅಂಗಡ್ಯಾಗ ಕುಂತು, ನಿನ್ನ ಚೀಲದಾಗ ಮೂವತ್ತ ಕೇಜಿ ಐತಿ ನಡಿ ಅಂದ್ರ ನಾವು ಕೇಳ್ತೀವೇನಪಾ? ಕಾಟಾಕ್ಕ ಹಚ್ಚು ಅಂತೀವಿ. ಹತ್ತು ಮಂದಿ ಎದುರಿಗೆ” ಅಂದರು.

ಅಪ್ಪ ಈ ಕೇಸಿನ ಹೆಸರು ಕೇಳಿದವರಲ್ಲ. ಆದರೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ ಬಗ್ಗೆ ಹೇಳಿದ್ದರ ತಿರುಳು ಇದೇ: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದನ್ನು ತೂಗುವ ಜಾಗ ಸದನ, ರಾಜಭವನದ ಸೋಫಾ ಅಲ್ಲ.

ಅಷ್ಟು ಹೇಳಿಸೋಕೆ ಐದು ವರ್ಷ ಹಿಡೀತು. ಬೊಮ್ಮಾಯಿ 1989ರ ಏಪ್ರಿಲ್ 26ಕ್ಕೇ ಹೈಕೋರ್ಟಿಗೆ ರಿಟ್ ಹಾಕಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ, ಸದನದಲ್ಲಿ ಬಲಪರೀಕ್ಷೆ ಕಡ್ಡಾಯವೇನಲ್ಲ ಅಂತ ಹೇಳಿ ಅರ್ಜಿ ವಜಾ ಮಾಡಿತು. ಅಷ್ಟರಲ್ಲಿ ನವೆಂಬರ್‌ನಲ್ಲಿ ಚುನಾವಣೆ ಆಗಿ ಕಾಂಗ್ರೆಸ್ ಗೆದ್ದು ವೀರೇಂದ್ರ ಪಾಟೀಲರು ಬಂದಿದ್ದರು. ಸುಪ್ರೀಂ ಕೋರ್ಟಿನಲ್ಲಿ ಕೇಸು ಇತ್ಯರ್ಥ ಆಗಿದ್ದು 1994ರ ಮಾರ್ಚ್ 11ಕ್ಕೆ. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ವಜಾ ಸಂವಿಧಾನಬಾಹಿರ. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಬಿದ್ದ ಮೇಲೆ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಸರ್ಕಾರಗಳ ವಿಷಯದಲ್ಲಿ ವಜಾ ಸರಿ, ಯಾಕೆಂದರೆ ಜಾತ್ಯತೀತತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು. ಲಾ ಓದುವವರು ಹೆಚ್ಚಾಗಿ ನೆನಪಿಟ್ಟುಕೊಳ್ಳೋದು ಈ ಎರಡನೇ ಭಾಗವನ್ನು. ನನಗೆ ಬೇಕಾಗಿರೋದು ಮೊದಲನೆಯದು.

ಬೊಮ್ಮಾಯಿಯವರಿಗೆ ಏನು ಸಿಕ್ಕಿತು? ಏನೂ ಇಲ್ಲ. ನಿಮ್ಮ ಸರ್ಕಾರವನ್ನು ತೆಗೆದದ್ದು ತಪ್ಪು, ಆದರೆ ಚುನಾವಣೆ ಆಗಿಹೋಗಿದೆ, ಪರಿಹಾರ ಕೊಡೋಕೆ ಬರಲ್ಲ. ಪ್ರೊಡಕ್ಷನ್ ಸರ್ವರ್ ಮುಚ್ಚಿ ಐದು ವರ್ಷ ಆದ ಮೇಲೆ ಬಂದ ಬಗ್ ಫಿಕ್ಸ್ ಅದು. ಫಿಕ್ಸ್ ಚೆನ್ನಾಗಿದೆ, ಮುಂದಿನವರಿಗೆ ಉಪಯೋಗಕ್ಕೆ ಬರುತ್ತೆ, ಆದರೆ ದೂರು ಕೊಟ್ಟವನ ಅಂಗಡಿ ಯಾವತ್ತೋ ಬಂದ್ ಆಗಿದೆ. ಮುಂದಿನವರಿಗಾಗಿ ಕೋರ್ಟು ಇನ್ನೊಂದು ಬೀಗವನ್ನೂ ಹಾಕಿತು: ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸೋ ಹಾಗಿಲ್ಲ.

ಬೊಮ್ಮಾಯಿಯವರ ಪಕ್ಷದವರು ಏನು ಮಹಾ ಸಾಚಾ ಆಗಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. 1977ರಲ್ಲಿ ದಿಲ್ಲಿಗೆ ಬಂದ ಜನತಾ ಸರ್ಕಾರ ಒಂದೇ ಏಟಿಗೆ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಮನೆಗೆ ಕಳಿಸಿತು. ವರ್ಷದ ಕೊನೆಗೆ ನಮ್ಮ ದೇವರಾಜ ಅರಸರ ಸರ್ಕಾರವೂ ಹೋಯಿತು. 1980ರಲ್ಲಿ ವಾಪಸ್ ಬಂದ ಇಂದಿರಾ ಗಾಂಧಿ ಲೆಕ್ಕ ಚುಕ್ತಾ ಮಾಡಿದ ಹಾಗೆ ಮತ್ತೆ ಒಂಬತ್ತನ್ನು ತೆಗೆದರು. ಈ ವಿಧಿ ಬಳಕೆಯೇ ಆಗದೆ ಪುಸ್ತಕದಲ್ಲೇ ಉಳಿಯಲಿ ಅಂತ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಶಿಸಿದ್ದರು. ಅದು ಆಡುವ ಮಕ್ಕಳ ಕೈಗೆ ಕೊಟ್ಟ ಕುಡಗೋಲಿನ ಹಾಗಾಗಿತ್ತು.

ಕಾನೂನು ಪಂಡಿತರು ಈ ತೀರ್ಪಿನ ಬಗ್ಗೆ ಇವತ್ತಿಗೂ ಜಗಳ ಆಡುತ್ತಾರೆ. ಒಂಬತ್ತು ನ್ಯಾಯಮೂರ್ತಿಗಳು ಬರೆದದ್ದು ಆರು ಪ್ರತ್ಯೇಕ ಅಭಿಪ್ರಾಯ. ಸಾವಂತ್, ಜೀವನ್ ರೆಡ್ಡಿ ಅಂಥವರು ರಾಷ್ಟ್ರಪತಿಯ ಘೋಷಣೆಗೆ ಆಧಾರ ಏನಿತ್ತು ಅಂತ ಕೋರ್ಟು ಕೇಳಬಹುದು ಅಂದರೆ, ವರ್ಮಾ, ಯೋಗೇಶ್ವರ ದಯಾಳ್ ಇಂಥ ರಾಜಕೀಯ ಲೆಕ್ಕಾಚಾರ ಅಳೆಯೋಕೆ ಕೋರ್ಟಿನ ಹತ್ತಿರ ಮಾಪಕ ಎಲ್ಲಿದೆ ಅಂತ ಹಿಂಜರಿದರು. ಹಾಗಾದರೆ ಕೋರ್ಟು ಒಟ್ಟಾಗಿ ಹೇಳಿದ್ದು ಏನು ಅನ್ನೋದು ಒಂದು ಜಗಳ. ಮೂಲ ರಚನೆಯ ಸಿದ್ಧಾಂತ ಇನ್ನೊಂದು. ಅದು ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಿನಲ್ಲಿ, 1973ರಲ್ಲಿ, 13 ಮಂದಿಯ ಪೀಠದಲ್ಲಿ 7-6ರ ಅಂತರದಿಂದ. ಅಲ್ಲಿ ಪ್ರಶ್ನೆ ಇದ್ದದ್ದು ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಅಂತ. ಬೊಮ್ಮಾಯಿ ಕೇಸಿನಲ್ಲಿ ಅದೇ ಅಳತೆಗೋಲನ್ನು ಸರ್ಕಾರದ ಒಂದು ಕ್ರಮದ ಮೇಲೆ ಇಟ್ಟರು. ಹಾಗೆ ಇಡಬಹುದಾ? ಸುಧೀರ್ ಕೃಷ್ಣಸ್ವಾಮಿ 2009ರಲ್ಲಿ ಮೂಲ ರಚನೆಯ ಬಗ್ಗೆ ಬರೆದ ಪುಸ್ತಕ ಇಡಬಹುದು ಅನ್ನುವ ಕಡೆ ವಾದಿಸುತ್ತದೆ. ಚುನಾಯಿತರಲ್ಲದ ನ್ಯಾಯಮೂರ್ತಿಗಳಿಗೆ ಇಷ್ಟು ದೊಡ್ಡ ಕೋಲು ಯಾಕೆ ಅನ್ನುವವರೂ ಇದ್ದಾರೆ. ಮಠದಿಂದ ಒಬ್ಬರು, ಮುಖ್ಯಮಂತ್ರಿ ಕುರ್ಚಿಯಿಂದ ಇಳಿದ ಒಬ್ಬರು, ದೇಶದ ಸಂವಿಧಾನದ ಎರಡು ದೊಡ್ಡ ಕೇಸು ಇಬ್ಬರು ಕನ್ನಡಿಗರ ಹೆಸರಲ್ಲಿವೆ. ಇಬ್ಬರಿಗೂ ಕೈಗೆ ಹತ್ತಿದ್ದು ಕಡಿಮೆಯೇ.

ಫಿಕ್ಸ್ ಕೆಲಸ ಮಾಡಿತಾ ಅಂದರೆ, ಮಾಡಿತು. 2016ರಲ್ಲಿ ಉತ್ತರಾಖಂಡದಲ್ಲಿ ವಿಶ್ವಾಸಮತದ ಹಿಂದಿನ ದಿನ ರಾಷ್ಟ್ರಪತಿ ಆಳ್ವಿಕೆ ಹೇರಿದರು. ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿದ ತಾರೀಕು ಏಪ್ರಿಲ್ 21, ಬೊಮ್ಮಾಯಿ ಸರ್ಕಾರ ಹೋಗಿ ಸರಿಯಾಗಿ 27 ವರ್ಷಕ್ಕೆ. ಕೊನೆಗೆ ಸುಪ್ರೀಂ ಕೋರ್ಟು ಸದನದಲ್ಲಿ ಎಣಿಸಿ ಅಂದಿತು, ಎಣಿಸಿದರು, ಹರೀಶ್ ರಾವತ್ ಗೆದ್ದರು. 2018ರ ಮೇ ತಿಂಗಳಲ್ಲಿ ನಮ್ಮಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸೋಕೆ ರಾಜ್ಯಪಾಲರು 15 ದಿನ ಕೊಟ್ಟಾಗ ಕೋರ್ಟು ನಡುರಾತ್ರಿ ಬಾಗಿಲು ತೆರೆಯಿತು. ಮರುದಿನದ ಆದೇಶದಲ್ಲಿ 15 ದಿನ ಹೋಗಿ 19ನೇ ತಾರೀಕಿನ ಸಂಜೆ ನಾಲ್ಕು ಗಂಟೆ ಆಯಿತು. ನಾವು ಆಫೀಸಿನಲ್ಲಿ ಐಪಿಎಲ್ ಬಿಟ್ಟು ವಿಧಾನಸೌಧದ ಲೈವ್ ನೋಡಿದ್ದು ಅವಾಗ. ಮತಕ್ಕೆ ಹಾಕುವ ಮುಂಚೆಯೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಆದರೆ ಕಾಟಾ ಸರಿ ಇದ್ದ ಮಾತ್ರಕ್ಕೆ ಚೀಲದೊಳಗೆ ಏನಿದೆ ಅನ್ನೋದು ಗೊತ್ತಾಗಲ್ಲ. ಕಾಯಿಗೆ ನೀರು ಹೊಡೆದು ತಂದರೆ ಕಾಟಾ ಏನು ಮಾಡುತ್ತೆ? ಅದು ತೂಕವನ್ನಷ್ಟೇ ಹೇಳುತ್ತೆ.

2019ರಲ್ಲಿ ಆದದ್ದು ಅದು, ಅದೂ ನಮ್ಮ ಜಿಲ್ಲೆಯಲ್ಲೇ. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ವಿಶ್ವಾಸಮತ ಸೋತಿತು. ಎಣಿಕೆ ಸದನದಲ್ಲೇ ಆಯಿತು, ಬೊಮ್ಮಾಯಿ ತೀರ್ಪಿನ ಪ್ರಕಾರ ಎಲ್ಲ ಸರಿ. ಆದರೆ ಎಣಿಕೆಯ ದಿನ ಸದನಕ್ಕೇ ಬಾರದವರು ಎಷ್ಟು ಜನ! ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲೋ ಹಾಗಿಲ್ಲ ಅಂದರು. ಆ 17ರಲ್ಲಿ ಇಬ್ಬರು ನಮ್ಮ ಜಿಲ್ಲೆಯವರು: ನಮ್ಮ ರಾಣೇಬೆನ್ನೂರಿನ ಆರ್. ಶಂಕರ್, ಪಕ್ಕದ ಹಿರೇಕೆರೂರಿನ ಬಿ.ಸಿ. ಪಾಟೀಲ್. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಅರ್ಧ ಎತ್ತಿಹಿಡಿಯಿತು, ಅರ್ಧ ಕೈಬಿಟ್ಟಿತು. ಅನರ್ಹತೆ ಸರಿ, ರಾಜೀನಾಮೆ ಕೊಟ್ಟು ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಆದರೆ ಇಷ್ಟು ವರ್ಷ ಸ್ಪರ್ಧಿಸಬಾರದು ಅನ್ನೋ ಅಧಿಕಾರ ಸ್ಪೀಕರ್‌ಗೆ ಇಲ್ಲ.

ಕಾನೂನಿನ ಪ್ರಕಾರ ಕೋರ್ಟು ಹೇಳಿದ್ದು ಸರಿ ಇರಬಹುದು. 2003ರ 91ನೇ ತಿದ್ದುಪಡಿ ಬರೆದಿರೋದೇ ಹಾಗೆ: ಪಕ್ಷಾಂತರಕ್ಕೆ ಅನರ್ಹನಾದವನು ಸದನದ ಅವಧಿ ಮುಗಿಯುವವರೆಗೆ ಇಲ್ಲವೇ ಮತ್ತೆ ಗೆದ್ದು ಬರುವವರೆಗೆ ಮಂತ್ರಿ ಆಗೋ ಹಾಗಿಲ್ಲ. ಅಂದರೆ ಮತ್ತೆ ಗೆದ್ದರೆ ಆಗಬಹುದು. ಶಿಕ್ಷೆಯ ಸಾಲಿನಲ್ಲೇ ಬಿಡುಗಡೆಯ ಬಾಗಿಲು. ಹಿರೇಕೆರೂರಿನವರು ಇನ್ನೊಂದು ಪಕ್ಷದಿಂದ ನಿಂತು ಗೆದ್ದು ಮಂತ್ರಿ ಆದರು. ನಮ್ಮ ರಾಣೇಬೆನ್ನೂರಿನವರಿಗೆ ಉಪಚುನಾವಣೆಯ ಟಿಕೆಟ್ ಸಿಗಲಿಲ್ಲ, 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು, ಆಮೇಲೆ ಮಂತ್ರಿ. 2021ರ ಜುಲೈನಲ್ಲಿ ಆ ಸರ್ಕಾರಕ್ಕೇ ಮುಖ್ಯಮಂತ್ರಿ ಆಗಿ ಬಂದವರು ಶಿಗ್ಗಾವಿಯ ಬಸವರಾಜ ಬೊಮ್ಮಾಯಿ. ಎಸ್.ಆರ್. ಬೊಮ್ಮಾಯಿಯವರ ಮಗ. ನಾನು ಇದನ್ನು ವ್ಯಂಗ್ಯಕ್ಕೆ ಹೇಳ್ತಾ ಇಲ್ಲ. ತಂದೆಯ ಕೇಸು ಯಾವ ಬಾಗಿಲನ್ನು ಮುಚ್ಚಿತೋ ಆ ಬಾಗಿಲಿಂದ ಯಾರೂ ಬರಲಿಲ್ಲ. ಬಂದದ್ದು ಹಿತ್ತಲಿಂದ.

ಪಂಡಿತರ ಚರ್ಚೆಯಲ್ಲಿ ನನಗೆ ಕೊರತೆ ಅನ್ನಿಸೋದು ಇಲ್ಲಿ. ರಾಜ್ಯಪಾಲರ ವಿರುದ್ಧ ಮುಖ್ಯಮಂತ್ರಿಗೆ ಒಂದು ಕೋರ್ಟಿದೆ. ಸ್ಪೀಕರ್ ವಿರುದ್ಧ ಶಾಸಕನಿಗೂ ಒಂದು ಕೋರ್ಟಿದೆ. 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪು ಬಂದಾಗಿನಿಂದ ಆ ದಾರಿ ತೆರೆದಿದೆ. ಮಹಾರಾಷ್ಟ್ರದ ಕೇಸಿನಲ್ಲಿ 2023ರಲ್ಲಿ, ರಾಜ್ಯಪಾಲರು ವಿಶ್ವಾಸಮತ ಕೇಳಿದ್ದೇ ತಪ್ಪು, ಆದರೆ ಉದ್ಧವ್ ಠಾಕ್ರೆ ಮೊದಲೇ ರಾಜೀನಾಮೆ ಕೊಟ್ಟಿದ್ದಾರೆ, ವಾಪಸ್ ಕೂರಿಸೋಕೆ ಆಗಲ್ಲ ಅಂತ ಐವರ ಪೀಠ ಹೇಳಿತು. ಮತ್ತೆ ಅದೇ, ಬಗ್ ಒಪ್ಪಿಕೊಂಡರು, ರೋಲ್‌ಬ್ಯಾಕ್ ಇಲ್ಲ. ಈ ಎಲ್ಲ ಕೇಸುಗಳಲ್ಲಿ ಅರ್ಜಿದಾರ ಯಾರು ಅಂತ ನೋಡಿ. ಒಬ್ಬನೂ ಓಟು ಹಾಕಿದವನಲ್ಲ.

2019ರ ಡಿಸೆಂಬರ್ 5, ಗುರುವಾರ, ಉಪಚುನಾವಣೆ. ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಬೆಳಗಿನ ಜಾವ ರಾಣೇಬೆನ್ನೂರಿನಲ್ಲಿ ಇಳಿದೆ. ಅಪ್ಪ ಸರದಿಯಲ್ಲಿ ನನ್ನ ಮುಂದೆ ನಿಂತಿದ್ದರು. ಒಂದೂವರೆ ವರ್ಷದ ಹಿಂದೆ ಇದೇ ಶಾಲೆಯ ಇದೇ ಕೋಣೆಯಲ್ಲಿ ಇದೇ ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದರು. “ಆ ಓಟು ಏನಾತಪಾ?” ಅಂತ ಹಿಂದೆ ತಿರುಗಿ ಕೇಳಿದರು. ನಾನು ಅನರ್ಹತೆ, ಹತ್ತನೇ ಪರಿಚ್ಛೇದ ಅಂತ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಂದಿನವರು ಸರಿದರು ಅಂತ ತಾವೂ ಮುಂದೆ ಸರಿದರು.

ಸೋಮವಾರ, 9ನೇ ತಾರೀಕು, ಫಲಿತಾಂಶ. ಅವತ್ತು ಬ್ಯಾಡಗಿ ಸಂತೆ, ಅಪ್ಪ ಮೊದಲ ಸಲ ಬಿಡಿಸಿದ ಕಾಯಿ ಹೇರಿಕೊಂಡು ಹೋಗಿದ್ದರು. ಆಫೀಸಿನಿಂದ ಫೋನ್ ಹಚ್ಚಿ, ಮಾಜಿ ಸ್ಪೀಕರ್ ಕೋಳಿವಾಡರು ಸೋತರು, ಅರುಣಕುಮಾರ ಗುತ್ತೂರ ಗೆದ್ದರು ಅಂದೆ. ಆ ಕಡೆ ಹಮಾಲರ ಕೂಗು, ಘಾಟಿಗೆ ಯಾರೋ ಒಂದೇ ಸಮ ಕೆಮ್ಮುವ ಸದ್ದು.

“ಹೌದೇನ? ಇರು, ಆಮ್ಯಾಲೆ ಹಚ್ಚತೀನಿ” ಅಂದರು ಅಪ್ಪ. “ನಮ್ಮ ಚೀಲ ಕಾಟಾದ ಮ್ಯಾಲ ಅದಾವ.”