ಕಮ್ಯುನಿಟಿ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ವ್ಯಾಸಂಗ

ಅಮೆರಿಕದಲ್ಲಿ ಕಡಿಮೆ ಶುಲ್ಕಕ್ಕೆ ಎರಡು ವರ್ಷಗಳ ಉನ್ನತ ಶಿಕ್ಷಣ ನೀಡುವ ಸಂಸ್ಥೆಗಳೇ ಕಮ್ಯುನಿಟಿ ಕಾಲೇಜುಗಳು. 1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ಇವುಗಳ ಪೈಕಿ ಅತ್ಯಂತ ಹಳೆಯ ಸಾರ್ವಜನಿಕ ಕಾಲೇಜಾಗಿದೆ.

ಇಲ್ಲಿ ಲೆಕ್ಕಶಾಸ್ತ್ರ ಕಲಿಯಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಉದ್ಯೋಗಾಭಿಮುಖ ಪದವಿ. ಲೆಕ್ಕ ಬರೆಯುವ ಕ್ರಮ, ವೇತನಪಟ್ಟಿ ತಯಾರಿಕೆ, ಆದಾಯ ತೆರಿಗೆ ಹಾಗೂ ಲೆಕ್ಕಪತ್ರ ತಂತ್ರಾಂಶಗಳ ಬಳಕೆಗೆ ಇದರಲ್ಲಿ ಪ್ರಾಧಾನ್ಯ. ಎರಡನೆಯದು ವರ್ಗಾವಣೆ ಪದವಿ. ಹಣಕಾಸು ಲೆಕ್ಕಶಾಸ್ತ್ರ, ನಿರ್ವಹಣಾ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದವನ್ನು ಓದಿ ಸುಮಾರು 60 ಕ್ರೆಡಿಟ್ ಗಳಿಸಿದವರು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು.

ಆಯ್ಕೆಯಲ್ಲಿ ಎಡವಿದರೆ ಹಣ, ಸಮಯ ಎರಡೂ ನಷ್ಟ. ಉದ್ಯೋಗಾಭಿಮುಖ ಪದವಿಯ ಹಲವು ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯಗಳು ಮಾನ್ಯ ಮಾಡದಿರಬಹುದು. ಈ ತೊಡಕಿನ ನಿವಾರಣೆಗೆಂದೇ ಕ್ಯಾಲಿಫೋರ್ನಿಯಾ 2010ರಲ್ಲಿ ಕಾಯ್ದೆ ರೂಪಿಸಿ, ನಿಗದಿತ ವರ್ಗಾವಣೆ ಪದವಿ ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಪ್ರವೇಶದ ಖಾತರಿ ನೀಡಿತು.

ಸಿಪಿಎ ಪರವಾನಗಿಗೆ ಎರಡು ವರ್ಷಗಳ ಪದವಿಯೊಂದೇ ಸಾಲದು. ದೀರ್ಘಕಾಲ ರಾಜ್ಯಗಳು ಪರವಾನಗಿಗೆ 150 ಕ್ರೆಡಿಟ್ ಕೇಳುತ್ತಿದ್ದವು. 2025ರಲ್ಲಿ ಓಹಿಯೊ ಸೇರಿದಂತೆ ಹಲವು ರಾಜ್ಯಗಳು ಕಾನೂನು ತಿದ್ದಿ, ಸ್ನಾತಕ ಪದವಿ, ಎರಡು ವರ್ಷಗಳ ಅನುಭವ ಹಾಗೂ ಪರೀಕ್ಷೆಯ ಪರ್ಯಾಯ ಮಾರ್ಗಕ್ಕೆ ಅವಕಾಶ ಕಲ್ಪಿಸಿದವು.

ಕರ್ನಾಟಕದಲ್ಲಿ ಬಿ.ಕಾಂ. ಮುಗಿಸಿ ಅಲ್ಲಿ ನೆಲೆಸಿದವರಿಗೂ ಈ ಕಾಲೇಜುಗಳು ಉಪಯುಕ್ತ. ಪದವಿಯ ಮೌಲ್ಯಮಾಪನದಲ್ಲಿ ಕೊರತೆ ಕಂಡುಬಂದ ವಿಷಯಗಳನ್ನು, ಆಯಾ ರಾಜ್ಯದ ಲೆಕ್ಕಶಾಸ್ತ್ರ ಮಂಡಳಿ ಒಪ್ಪುವುದಾದರೆ, ಇಲ್ಲಿಯೇ ಓದಿ ಪೂರೈಸಿಕೊಳ್ಳಬಹುದು. ಶುಲ್ಕ ಕಟ್ಟುವ ಮುನ್ನ ಮಂಡಳಿಯ ನಿಯಮಗಳನ್ನು ಪರಿಶೀಲಿಸುವುದು ಅಗತ್ಯ.