ಸ್ಕೇಲಿನಲ್ಲಿ ಅಳೆದ ಪಿಕೋಸೆಕೆಂಡು

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಬಗ್ ಹಿಂದೆ ಬಿದ್ದು ಮೂರು ರಾತ್ರಿ ನಿದ್ದೆಗೆಟ್ಟೆ. ಲಾಗ್ ಹಾಕಿದರೆ ಮಾಯ, ತೆಗೆದರೆ ಹಾಜರ್! ಅಳೆಯುವ ಸಾಧನವೇ ನಡೆಯುವ ಘಟನೆಗಿಂತ ನಿಧಾನವಾದರೆ ಏನು ಮಾಡುವುದು? ತಲೆ ಕೆರೆದುಕೊಳ್ಳುವಾಗ ನೆನಪಾದದ್ದು, ಕಾಲೇಜಿನ ಸೆಮಿನಾರಿಗೆಂದು ಓದಿದ್ದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕಿನ ಕಥೆ.

ಈ ಬೆಳಕನ್ನು ಬಹುಕಾಲ ಅಳೆದದ್ದು ಅದರ ಶಾಖದಿಂದ. 1900ರ ಅಕ್ಟೋಬರ್ 7, ಭಾನುವಾರ. ಬರ್ಲಿನ್ನಿನಲ್ಲಿ ರೂಬೆನ್ಸ್ ಎಂಬ ವಿಜ್ಞಾನಿ ಪ್ಲಾಂಕ್ ಮನೆಗೆ ಹೋಗಿ, ತಾನೂ ಕುರ್ಲ್‌ಬೌಮೂ ದೂರದ ಅವಕೆಂಪಿನಲ್ಲಿ ಅಳೆದ ಫಲಿತಾಂಶ ಹೇಳಿದ. ಆ ಸಂಜೆಯೇ ಪ್ಲಾಂಕ್ ತನ್ನ ಪ್ರಸಿದ್ಧ ಸೂತ್ರ ಬರೆದ. ಕ್ವಾಂಟಮ್ ಕಥೆ ಶುರುವಾದದ್ದೇ ಅಲ್ಲಿಂದ.

ಆದರೆ ಶಾಖ ಹೇಳುವುದು 'ಎಷ್ಟು' ಎಂದು ಮಾತ್ರ. ಅಲೆ ಹೇಗೆ ಎದ್ದಿತು, ಹೇಗೆ ಬಿದ್ದಿತು ಎಂದು ಹೇಳುವುದಿಲ್ಲ. 1 ಟೆರಾಹರ್ಟ್ಸ್ ಅಲೆ ಒಮ್ಮೆ ಎದ್ದು ಬೀಳಲು ಬೇಕಾದದ್ದು ಒಂದು ಪಿಕೋಸೆಕೆಂಡು, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. ಸಾಲದ್ದಕ್ಕೆ ಗೋಡೆ, ಮೇಜು, ನಾವು ಎಲ್ಲರೂ ಇದೇ ಬೆಳಕನ್ನು ಸೂಸುತ್ತಿರುತ್ತೇವೆ. ಆ ಗದ್ದಲದಲ್ಲಿ ಸಣ್ಣ ಸದ್ದು ಕೇಳಲು ಡಿಟೆಕ್ಟರನ್ನು ದ್ರವ ಹೀಲಿಯಮ್ಮಿನಲ್ಲಿ ತಣ್ಣಗಿಡಬೇಕಿತ್ತು.

ದಾರಿ ತೆಗೆದದ್ದು ಬೆಲ್ ಲ್ಯಾಬ್ಸ್‌ನ ಡೇವಿಡ್ ಆಸ್ಟನ್. 1975ರಲ್ಲಿ ಆತ ಲೇಸರ್ ಮಿಡಿತದಿಂದ ಸಿಲಿಕಾನ್ ಸ್ವಿಚ್ಚನ್ನು ಪಿಕೋಸೆಕೆಂಡುಗಳಲ್ಲಿ ತೆರೆದು ಮುಚ್ಚಿದ. 1984ರಲ್ಲಿ ಅದೇ ತಂತ್ರದಿಂದ ಒಂದು ಪುಟಾಣಿ ಆಂಟೆನಾದಿಂದ ಇನ್ನೊಂದಕ್ಕೆ ಅಲೆ ಕಳಿಸಿದ. ಉಪಾಯ ಸರಳ. ಒಂದು ಲೇಸರ್ ಮಿಡಿತವನ್ನು ಎರಡು ಮಾಡಿ; ಒಂದು ಪಾಲು ಅಲೆ ಹುಟ್ಟಿಸಲಿ, ಇನ್ನೊಂದು ಪಾಲು ಗ್ರಾಹಕದ ಬಾಗಿಲನ್ನು ಕ್ಷಣ ತೆರೆಯಲಿ. ಎರಡನೆಯದರ ದಾರಿಯಲ್ಲಿ ಕನ್ನಡಿಯನ್ನು 0.15 ಮಿ.ಮೀ. ಹಿಂದೆ ಸರಿಸಿದರೆ, ಹೋಗಿಬರುವ ದೂರ 0.3 ಮಿ.ಮೀ. ಹೆಚ್ಚಿ, ಬಾಗಿಲು ಒಂದು ಪಿಕೋಸೆಕೆಂಡು ತಡವಾಗಿ ತೆರೆಯುತ್ತದೆ. ಹೀಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದರೆ ಇಡೀ ಅಲೆಯ ಚಿತ್ರ ಸಿಗುತ್ತದೆ. ಕಾಲವನ್ನು ಅಳೆದದ್ದು ಗಡಿಯಾರವಲ್ಲ, ಸ್ಕೇಲು! ಬಾಗಿಲು ತೆರೆದಿರುವುದೇ ಕ್ಷಣಮಾತ್ರವಾದ್ದರಿಂದ ಗೋಡೆ-ಮೇಜುಗಳ ಗದ್ದಲವೂ ಒಳಬರದು, ಹೀಲಿಯಮ್ಮೂ ಬೇಡ. 1989ರಲ್ಲಿ ಐಬಿಎಮ್‌ನ ಗ್ರಿಷ್ಕೋವ್‌ಸ್ಕಿ ತಂಡ ಹೀಗೆಯೇ ನೀರಾವಿಯ ಹೀರುವಿಕೆಯನ್ನು ಅಳೆಯಿತು.

ಆದರೆ ಇದರಲ್ಲೊಂದು ನಂಬಿಕೆ ಅಡಗಿದೆ: ಪ್ರತಿ ಮಿಡಿತವೂ ಹಿಂದಿನದರ ತದ್ರೂಪ ಎಂಬುದು. ಹಾಗಿಲ್ಲದಿದ್ದರೆ ಸಿಗುವುದು ಹತ್ತು ಜನರ ಮೂಗು, ಕಣ್ಣು ಸೇರಿಸಿ ಬರೆದ ಮುಖ! 1998ರಲ್ಲಿ ಜಿಯಾಂಗ್ ಮತ್ತು ಜಾಂಗ್ ಇದಕ್ಕೂ ಉತ್ತರ ಕೊಟ್ಟರು. ಲೇಸರ್ ಮಿಡಿತವನ್ನು ಹಿಗ್ಗಿಸಿ, ಅದರ ಬಣ್ಣಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, ಟೆರಾಹರ್ಟ್ಸ್ ಅಲೆಯ ಜೊತೆ ಹರಳೊಂದರಲ್ಲಿ ಹಾಯಿಸಿದರು. ಒಂದೊಂದು ಕ್ಷಣದ ಗುರುತು ಒಂದೊಂದು ಬಣ್ಣದ ಮೇಲೆ. ಆಮೇಲೆ ಬಣ್ಣಗಳನ್ನು ನಿಧಾನವಾಗಿ ಓದಿಕೊಂಡರಾಯಿತು.

ನನ್ನ ತಪ್ಪೂ ಅದೇ ಆಗಿತ್ತು! ಪ್ರತಿ ಸಲವೂ ಪ್ರೋಗ್ರಾಮ್ ಒಂದೇ ಥರ ಓಡುತ್ತದೆಂದು ನಂಬಿ, ಹತ್ತು ಓಟಗಳ ತುಣುಕು ಜೋಡಿಸುತ್ತಿದ್ದೆ. ನಾಲ್ಕನೇ ರಾತ್ರಿ ಲಾಗನ್ನು ಫೈಲಿಗೆ ಬರೆಯದೆ, ಒಂದೇ ಓಟದ ಗುರುತುಗಳನ್ನೆಲ್ಲ ಮೆಮೊರಿಯಲ್ಲಿಟ್ಟು ಆಮೇಲೆ ಓದಿದೆ. ಎರಡು ಥ್ರೆಡ್‌ಗಳು ಒಂದೇ ವೇರಿಯಬಲ್ಲಿಗೆ ಕಿತ್ತಾಡುತ್ತಿದ್ದವು. ಬೆಳಿಗ್ಗೆ ಮ್ಯಾನೇಜರ್ "ಹೇಗೆ ಸಿಕ್ತು?" ಅಂದರು. "ಬೆಳಕು ಬಿತ್ತು ಸಾರ್" ಅಂದೆ :-)