ಒಂದೇ ಪಂಕ್ತಿ, ಬೇರೆ ಬೇರೆ ನೆನಪು

ನವೆಂಬರ್ ಕೊನೆಗೆ ಬಂತೆಂದರೆ ನಮ್ಮ ಹಳ್ಳಿಗಳ ಫೋನುಗಳಿಗೂ ಅಮೆರಿಕದ ಒಂದು ಹಬ್ಬದ ಗಾಳಿ ತಾಗುತ್ತದೆ. 'ಬ್ಲ್ಯಾಕ್ ಫ್ರೈಡೇ' ಆಫರ್ ಎಂದು ಮೊಬೈಲು, ಮಿಕ್ಸರ್, ಚಪ್ಪಲಿ ಮಾರುವ ಜಾಹೀರಾತುಗಳು ಒಂದರ ಹಿಂದೊಂದು ಬರುತ್ತವೆ. ಆ ಶುಕ್ರವಾರದ ಹಿಂದಿನ ದಿನ, ಗುರುವಾರ, ಅಲ್ಲಿನ ದೊಡ್ಡ ಹಬ್ಬ. ಹೆಸರು ಥ್ಯಾಂಕ್ಸ್‌ಗಿವಿಂಗ್. ಧನ್ಯವಾದ ಹೇಳುವ ದಿನ ಎಂದು ಅರ್ಥ.

ನಮ್ಮ ಬಳಗದ ಒಬ್ಬರ ಮನೆಯ ವಾಟ್ಸಾಪ್ ಗ್ರೂಪಿಗೆ ಅಮೆರಿಕದಲ್ಲಿರುವ ನೆಂಟರು ಆ ದಿನದ ಫೋಟೋ ಕಳಿಸಿದ್ದರು. ಪಕ್ಕದ ಮನೆಯವರು ಇವರನ್ನೂ ಊಟಕ್ಕೆ ಕರೆದಿದ್ದರಂತೆ. ಉದ್ದನೆಯ ಮೇಜು, ನಡುವೆ ಇಡಿಯಾಗಿ ಸುಟ್ಟ ಟರ್ಕಿ ಕೋಳಿ, ಸುತ್ತ ಮೆಕ್ಕೆಜೋಳ, ಆಲೂಗಡ್ಡೆ, ಕುಂಬಳಕಾಯಿಯ ಸಿಹಿ. ಮನೆಯ ಅಜ್ಜಿ ಫೋನನ್ನು ದೂರ ಹಿಡಿದು ನೋಡಿ, “ಇದ್ಯಾವ ಹಬ್ಬೋ ತಮ್ಮಾ? ದೇವರ ಫೋಟೋನೂ ಇಲ್ಲ, ಆರತೀನೂ ಇಲ್ಲ. ಬರೇ ಊಟ!” ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು. “ಮೊದಲ ಯಾರು ಯಾರನ್ನ ಊಟಕ್ಕ ಕರದಿದ್ರು?”

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಒಂದೇ ಉತ್ತರ ಸಿಗಲಿಲ್ಲ. ಯಾವ ದೇಶದವರನ್ನು, ಯಾವ ಜನರನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಅಮೆರಿಕದ ಶಾಲೆಗಳಲ್ಲಿ ಬಹಳ ಕಾಲ ಹೇಳಿಕೊಂಡು ಬಂದ ಕತೆ ಹೀಗಿದೆ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ 102 ಮಂದಿ ಇಂಗ್ಲಿಷರು ಅಟ್ಲಾಂಟಿಕ್ ಸಾಗರ ದಾಟಿ ಬಂದರು. ತಮ್ಮ ನಂಬಿಕೆಯಂತೆ ಪೂಜಿಸಲು ಸ್ವಾತಂತ್ರ್ಯ ಬೇಕೆಂದು ಊರು ಬಿಟ್ಟವರು ಅವರಲ್ಲಿ ಅನೇಕರು. ಪ್ಲಿಮತ್ ಎಂಬಲ್ಲಿ ನೆಲೆ ನಿಂತರು. ಮೊದಲ ಚಳಿಗಾಲದಲ್ಲೇ ರೋಗದಿಂದ, ಹಸಿವಿನಿಂದ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಮರುವರ್ಷ ಬೆಳೆ ಕೈಗೆ ಬಂದಾಗ ದೇವರಿಗೆ ಧನ್ಯವಾದ ಹೇಳಿ, ಅಲ್ಲಿನ ಮೂಲನಿವಾಸಿಗಳನ್ನು ಕರೆದು ಜೊತೆಗೆ ಕೂತು ಉಂಡರು. ಅದೇ ಮೊದಲ ಥ್ಯಾಂಕ್ಸ್‌ಗಿವಿಂಗ್.

ಈ ಊಟವನ್ನು ಕಣ್ಣಾರೆ ಕಂಡವರು ಬರೆದ ದಾಖಲೆ ಮುಖ್ಯವಾಗಿ ಒಂದೇ. ಎಡ್ವರ್ಡ್ ವಿನ್ಸ್‌ಲೋ ಎಂಬಾತ 1621ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಗೆಳೆಯನಿಗೆ ಬರೆದ ಪತ್ರ ಅದು. ಅದರಲ್ಲಿ ಊಟದ ವಿಷಯ ಕೆಲವೇ ಸಾಲು. ಬೆಳೆಯ ಲೆಕ್ಕ ಮಾತ್ರ ನಮ್ಮ ರೈತರ ಮಾತಿನಂತೆಯೇ ಇದೆ: 20 ಎಕರೆ ಮೆಕ್ಕೆಜೋಳ ಚೆನ್ನಾಗಿ ಬಂತು, 6 ಎಕರೆಯಲ್ಲಿ ಹಾಕಿದ ಬಾರ್ಲಿ ಅಷ್ಟಕ್ಕಷ್ಟೆ, ಬಟಾಣಿ ಹೂವಿನಲ್ಲೇ ಬಿಸಿಲಿಗೆ ಸುಟ್ಟುಹೋಯಿತು. ಆಮೇಲೆ ಕಾಡುಹಕ್ಕಿಗಳನ್ನು ಹೊಡೆದು ತಂದದ್ದು, ಬಂದೂಕು ಹಾರಿಸಿ ಸಂಭ್ರಮಿಸಿದ್ದು, ಮೂಲನಿವಾಸಿಗಳ ದೊರೆ ಸುಮಾರು 90 ಗಂಡಾಳುಗಳೊಂದಿಗೆ ಬಂದದ್ದು, ಅವರು ಐದು ಜಿಂಕೆ ಬೇಟೆಯಾಡಿ ತಂದುಕೊಟ್ಟದ್ದು, ಮೂರು ದಿನ ಊಟ ನಡೆದದ್ದು. ಇಷ್ಟೇ. ಅಜ್ಜಿಯ ಪ್ರಶ್ನೆಗೆ ಪತ್ರದಲ್ಲಿ ಉತ್ತರವಿಲ್ಲ. ಅವರು ಬಂದರು ಎಂದಿದೆ, ಕರೆದೆವು ಎಂದು ಎಲ್ಲೂ ಬರೆದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಎಂಬ ಮಾತೂ ಆ ಸಾಲುಗಳಲ್ಲಿಲ್ಲ.

ಈಗ ಆ 90 ಜನರ ಕಡೆಯಿಂದ ನೋಡೋಣ. ಅವರು ವಾಂಪನೋಗ್ ಜನ. ದೊರೆಯ ಹೆಸರು ಒಸಮೆಕ್ವಿನ್, ಇತಿಹಾಸದಲ್ಲಿ ಮ್ಯಾಸಸಾಯಿಟ್ ಎಂದೇ ಪ್ರಸಿದ್ಧ. ಇಂಗ್ಲಿಷರು ಮನೆ ಕಟ್ಟಿಕೊಂಡ ಜಾಗ ಖಾಲಿ ಭೂಮಿಯಾಗಿರಲಿಲ್ಲ. ಅದು ಪಟಕ್ಸೆಟ್ ಎಂಬ ಊರು. 1616ರಿಂದ 1619ರವರೆಗೆ ಯುರೋಪಿನ ಹಡಗುಗಳ ಜೊತೆ ಬಂದ ಸಾಂಕ್ರಾಮಿಕ ರೋಗ ಆ ಕರಾವಳಿಯನ್ನೇ ಬಡಿದು, ಪಟಕ್ಸೆಟ್ ಹಾಳೂರಾಗಿತ್ತು. ಹೊಲಗಳು ಹಸನಾಗಿದ್ದವು, ಉಳುವವರು ಉಳಿದಿರಲಿಲ್ಲ.

ಆ ಊರಿನವನೇ ಟಿಸ್ಕ್ವಾಂಟಮ್. 1614ರಲ್ಲಿ ಇಂಗ್ಲಿಷ್ ಹಡಗಿನ ನಾಯಕನೊಬ್ಬ ಅವನನ್ನು ಇನ್ನೂ ಹಲವರ ಜೊತೆ ಅಪಹರಿಸಿ, ಸ್ಪೇನಿಗೆ ಒಯ್ದು ಮಾರಲು ಇಟ್ಟ. ಅಲ್ಲಿಂದ ಹೇಗೋ ಪಾರಾಗಿ, ಇಂಗ್ಲೆಂಡಿಗೆ ಬಂದು, ಇಂಗ್ಲಿಷ್ ಕಲಿತು, 1619ರಲ್ಲಿ ಊರಿಗೆ ಮರಳಿದಾಗ ಅವನನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ. ಮುಂದೆ ಅದೇ ಮನುಷ್ಯ ಹಸಿದ ಇಂಗ್ಲಿಷರಿಗೆ ಮೆಕ್ಕೆಜೋಳ ಊರುವುದನ್ನೂ, ಬೀಜದ ಗುಣಿಯಲ್ಲಿ ಮೀನು ಹೂಳಿ ಗೊಬ್ಬರ ಮಾಡುವುದನ್ನೂ ಹೇಳಿಕೊಟ್ಟ. ಬೀಜವೂ ಆ ನೆಲದವರದೇ. ದಡ ಮುಟ್ಟಿದ ಹೊಸದರಲ್ಲಿ ಇಂಗ್ಲಿಷರು ಮೂಲನಿವಾಸಿಗಳು ನೆಲದಲ್ಲಿ ಹೂಳಿಟ್ಟಿದ್ದ ಜೋಳವನ್ನು, ನಮ್ಮಲ್ಲಿ ಹಗೇವಿನ ಕಾಳು ತೆಗೆದ ಹಾಗೆ, ಅಗೆದು ಒಯ್ದಿದ್ದರು. ಅದರ ಬೆಲೆಯನ್ನು ಆಮೇಲೆ ಕೊಟ್ಟರು.

ಹಾಗಾದರೆ ಮ್ಯಾಸಸಾಯಿಟ್ ಸ್ನೇಹ ಬೆಳೆಸಿದ್ದೇಕೆ? ರೋಗದಿಂದ ಅವನ ಜನ ಕುಗ್ಗಿದ್ದರು. ಪಕ್ಕದ ನ್ಯಾರಗ್ಯಾನ್ಸೆಟ್ ಜನ ರೋಗಕ್ಕೆ ಅಷ್ಟಾಗಿ ಸಿಗದೆ ಬಲವಾಗಿಯೇ ಇದ್ದರು. ಬಂದೂಕು ಇರುವ ಹೊಸಬರನ್ನು ಜೊತೆಗಿಟ್ಟುಕೊಂಡರೆ ತನ್ನವರಿಗೆ ರಕ್ಷಣೆ ಎಂಬ ಲೆಕ್ಕಾಚಾರ ಅವನದು. 1621ರ ಮಾರ್ಚಿನಲ್ಲೇ ಇಬ್ಬರ ನಡುವೆ ಒಪ್ಪಂದ ಆಗಿತ್ತು. ಬಂದೂಕಿನ ಸದ್ದು ಕೇಳಿ, ಏನೋ ಅಪಾಯವೆಂದು 90 ಜನ ಓಡಿ ಬಂದರು ಎಂದು ಇಂದಿನ ವಾಂಪನೋಗ್ ಜನರಲ್ಲಿ ಕೆಲವರು ಹೇಳುತ್ತಾರೆ. ಅವರ ಪ್ರಕಾರ ಅವರು ಅತಿಥಿಗಳಲ್ಲ, ತಮ್ಮದೇ ನೆಲದಲ್ಲಿ ಏನಾಗುತ್ತಿದೆ ಎಂದು ನೋಡಲು ಬಂದ ಮನೆಯವರು.

ಸ್ನೇಹ ಒಂದು ತಲೆಮಾರಿನ ಮಟ್ಟಿಗೆ ಉಳಿಯಿತು. ವಲಸೆ ಹೆಚ್ಚಿತು, ಭೂಮಿ ಕೈತಪ್ಪತೊಡಗಿತು. 1675ರಲ್ಲಿ ಮ್ಯಾಸಸಾಯಿಟ್‌ನ ಮಗ ಮೆಟಾಕಾಮ್ ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ನಿಂತ. 1676ರ ಆಗಸ್ಟಿನಲ್ಲಿ ಅವನನ್ನು ಕೊಂದರು. ಅವನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಹಾಗೇ ಬಿಟ್ಟರು. ಸೆರೆಸಿಕ್ಕ ನೂರಾರು ಜನರನ್ನು ಗುಲಾಮರಾಗಿ ಹಡಗು ಹತ್ತಿಸಿದರು. ಅಪ್ಪ ಐದು ಜಿಂಕೆ ತಂದುಕೊಟ್ಟ ಊರಿನಲ್ಲೇ ಮಗನ ತಲೆ ಕಂಬದ ಮೇಲಿತ್ತು.

ಈ ಎರಡನೇ ಭಾಗ ಹಬ್ಬದ ಕತೆಯಲ್ಲಿ ಇಲ್ಲದಿರುವುದಕ್ಕೆ ಕಾರಣ, ಕತೆ ಹಬ್ಬಕ್ಕೆ ಅಂಟಿಕೊಂಡದ್ದು ಬಹಳ ತಡವಾಗಿ. ವಿನ್ಸ್‌ಲೋ ಪತ್ರದ ಆ ಊಟವೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂಬ ಮಾತು 1841ರಲ್ಲಿ ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಬಂತು, ಅಂದರೆ 220 ವರ್ಷಗಳ ನಂತರ. ಇಡೀ ದೇಶಕ್ಕೆ ಒಂದೇ ದಿನ ಈ ಹಬ್ಬ ಬೇಕು ಎಂದು ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದವರು ಸಾರಾ ಜೋಸೆಫಾ ಹೇಲ್ ಎಂಬ ಪತ್ರಕರ್ತೆ. ಮೇರಿ ಮತ್ತು ಅವಳ ಕುರಿಮರಿಯ ಶಿಶುಗೀತೆ ನಮ್ಮ ಅಂಗನವಾಡಿ ಮಕ್ಕಳ ಬಾಯಲ್ಲೂ ಇದೆಯಲ್ಲ, ಅದನ್ನು ಬರೆದವರೂ ಅವರೇ. 1863ರಲ್ಲಿ ಅಧ್ಯಕ್ಷ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಧನ್ಯವಾದದ ದಿನವೆಂದು ಸಾರಿದರು. ಅವರ ಘೋಷಣೆಯಲ್ಲಿ ಮೇಫ್ಲವರ್ ಮಾತೇ ಇಲ್ಲ. ಆಗ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳು ಪರಸ್ಪರ ಯುದ್ಧದಲ್ಲಿದ್ದವು. ಒಡೆದ ಮನೆಯನ್ನು ಒಂದು ಊಟಕ್ಕೆ ಕೂಡಿಸುವುದು ಆ ಘೋಷಣೆಯ ಉದ್ದೇಶವಾಗಿತ್ತು. ಅದೇ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದದ್ದನ್ನು ಇಲ್ಲಿ ನೆನೆಯಬಹುದು.

ಹಬ್ಬದ ದಿನವನ್ನು ವ್ಯಾಪಾರಕ್ಕಾಗಿಯೂ ಎಳೆದಾಡಿದ್ದಾರೆ. 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕ್ರಿಸ್‌ಮಸ್ ಖರೀದಿಗೆ ಹೆಚ್ಚು ದಿನ ಸಿಗಲಿ ಎಂದು ಹಬ್ಬವನ್ನು ಒಂದು ವಾರ ಮುಂಚೆ ತಂದರು. ಕೆಲವು ರಾಜ್ಯಗಳು ಒಪ್ಪಲಿಲ್ಲ. 1941ರಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಎಂದು ಕಾನೂನೇ ಆಯಿತು. ನಮ್ಮ ಫೋನಿಗೆ ಬರುವ ಆಫರ್‌ಗಳ ಬೇರು ಎಲ್ಲಿದೆ ಎಂದು ಇದರಿಂದ ತಿಳಿಯುತ್ತದೆ.

ಇನ್ನು ಬೇರೆ ದೇಶಗಳ ಮಾತು. ಕೆನಡಾದವರೂ ಈ ಹಬ್ಬ ಮಾಡುತ್ತಾರೆ, ಆದರೆ ಅಕ್ಟೋಬರಿನ ಎರಡನೇ ಸೋಮವಾರ. ಅಲ್ಲಿ ಸುಗ್ಗಿ ಬೇಗ ಮುಗಿಯುತ್ತದೆ, ಚಳಿ ಬೇಗ ಬರುತ್ತದೆ. ಅವರಿಗೆ ಇದು ಪ್ಲಿಮತ್‌ನ ಕತೆಯಲ್ಲ, ಬೆಳೆ ಮನೆಗೆ ಬಂದ ಸಂತೋಷ. ಆಸ್ಟ್ರೇಲಿಯಾದ ಆಚೆ ಸಾಗರದ ನಡುವಿನ ಪುಟ್ಟ ನಾರ್ಫೋಕ್ ದ್ವೀಪದವರು ನವೆಂಬರಿನ ಕೊನೆಯ ಬುಧವಾರ ಆಚರಿಸುತ್ತಾರೆ. ತಿಮಿಂಗಿಲ ಬೇಟೆಗೆ ಬರುತ್ತಿದ್ದ ಅಮೆರಿಕದ ಹಡಗುಗಳಿಂದ ಕಲಿತದ್ದು. ತಾವು ಬೆಳೆದದ್ದನ್ನು ತಂದು ಚರ್ಚನ್ನು ಸಿಂಗರಿಸುತ್ತಾರೆ.

ಆಫ್ರಿಕಾದ ಲೈಬೀರಿಯಾದಲ್ಲಿ ನವೆಂಬರಿನ ಮೊದಲ ಗುರುವಾರ ಈ ಹಬ್ಬ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಮತ್ತು ಅವರ ಮಕ್ಕಳು ಹೋಗಿ ನೆಲೆಸಿ, 1847ರಲ್ಲಿ ಸ್ವತಂತ್ರವೆಂದು ಸಾರಿದ ದೇಶ ಅದು. ಅವರಿಗೆ ಈ ಧನ್ಯವಾದ ಬಿಡುಗಡೆಯದು. ಚರ್ಚಿಗೆ ಹಣ್ಣು ಹಂಪಲು ತಂದು, ನಮ್ಮ ಜಾತ್ರೆಯ ಸವಾಲಿನಂತೆ ಹರಾಜು ಹಾಕುವ ಪದ್ಧತಿಯೂ ಇದೆ. ಆದರೆ ಅಲ್ಲಿಯೂ ಮೊದಲಿನಿಂದ ಇದ್ದ ಬುಡಕಟ್ಟುಗಳಿದ್ದವು. ಹೊರಗಿನಿಂದ ಬಂದವರೇ ಅಧಿಕಾರ ಹಿಡಿದು, ಆ ಬುಡಕಟ್ಟಿನವರನ್ನು ಬಹುಕಾಲ ಮತದಿಂದ ದೂರ ಇಟ್ಟರು. ಗುಲಾಮಗಿರಿಯ ನೋವುಂಡವರೂ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಲಿಲ್ಲ.

ಮೇಜಿನ ನಡುವಿನ ಟರ್ಕಿ ಕೋಳಿಯ ಹೆಸರಿನಲ್ಲೂ ಇಂಥದೇ ಗೊಂದಲ. ಅದರ ಮೂಲ ಅಮೆರಿಕ ಖಂಡ. ಇಂಗ್ಲಿಷರು ಟರ್ಕಿ ದೇಶದ್ದೆಂದುಕೊಂಡು ಹಾಗೆ ಕರೆದರು. ಟರ್ಕಿಯವರು ಅದನ್ನು 'ಹಿಂದಿ' ಎನ್ನುತ್ತಾರೆ, ಅಂದರೆ ಭಾರತದ್ದು. ಡಚ್ಚರ 'ಕಾಲ್ಕೂನ್' ಬಂದದ್ದು ಕೇರಳದ ಕಲ್ಲಿಕೋಟೆಯ ಹೆಸರಿನಿಂದ. ನಿಜ ಹೇಳಬೇಕೆಂದರೆ ನಮ್ಮವರಿಗೇ ಅದು ಅಪರೂಪದ ಹಕ್ಕಿಯಾಗಿತ್ತು. 1612ರಲ್ಲಿ ಗೋವಾದಿಂದ ತರಿಸಿದ ಒಂದು ಟರ್ಕಿಯನ್ನು ಕಂಡು ಬೆರಗಾದ ಬಾದಶಹ ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಅದರ ಬಗ್ಗೆ ಬರೆದ. ಅವನ ಆಸ್ಥಾನದ ಕಲಾವಿದ ಮನ್ಸೂರ್ ಅದರ ಚಿತ್ರ ಬಿಡಿಸಿದ. ಪ್ಲಿಮತ್‌ನ ಊಟಕ್ಕೆ ಇನ್ನೂ ಒಂಬತ್ತು ವರ್ಷ ಇತ್ತು.

ಕೊನೆಗೆ ಮತ್ತೆ ಪ್ಲಿಮತ್‌ಗೆ ಬರೋಣ. 1970ರಲ್ಲಿ ಮೇಫ್ಲವರ್ ಬಂದು 350 ವರ್ಷವಾದ ನೆಪದಲ್ಲಿ ಔತಣ ಏರ್ಪಟ್ಟಿತ್ತು. ವಾಮ್ಸಟ್ಟಾ ಫ್ರ್ಯಾಂಕ್ ಜೇಮ್ಸ್ ಎಂಬ ವಾಂಪನೋಗ್ ನಾಯಕರನ್ನು ಭಾಷಣಕ್ಕೆ ಕರೆದಿದ್ದರು. ಅವರು ಬರೆದುಕೊಟ್ಟ ಮಾತಿನಲ್ಲಿ ರೋಗ, ಹೂಳಿಟ್ಟ ಜೋಳದ ಕಳವು, ಕಳೆದುಹೋದ ಭೂಮಿ ಎಲ್ಲವೂ ಇತ್ತು. ಬದಲಿಸಿ ಎಂದರು ಸಂಘಟಕರು. ಜೇಮ್ಸ್ ಒಪ್ಪಲಿಲ್ಲ, ಔತಣಕ್ಕೂ ಹೋಗಲಿಲ್ಲ. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಗುಡ್ಡದ ಮೇಲೆ, ಮ್ಯಾಸಸಾಯಿಟ್ ಪ್ರತಿಮೆಯ ಬಳಿ ಮೂಲನಿವಾಸಿಗಳು ಸೇರಿದರು. ಅಂದಿನಿಂದ ಪ್ರತಿವರ್ಷ ಅದೇ ಗುರುವಾರ ಅಲ್ಲಿ ರಾಷ್ಟ್ರೀಯ ಶೋಕದಿನ ನಡೆಯುತ್ತದೆ. ದೇಶವೆಲ್ಲ ಉಣ್ಣುವ ದಿನ ಅವರಲ್ಲಿ ಅನೇಕರು ಉಪವಾಸ ಇರುತ್ತಾರೆ. ಹಾಗೆಂದು ಧನ್ಯವಾದ ಹೇಳುವುದು ಅವರಿಗೆ ಹೊಸದಲ್ಲ. ಕಾಡಿನ ಹಣ್ಣು ಬಂದಾಗ, ಜೋಳ ಬಂದಾಗ ವರ್ಷಕ್ಕೆ ಹಲವು ಸಲ ನೆಲಕ್ಕೆ ಕೃತಜ್ಞತೆ ಸಲ್ಲಿಸುವ ಪದ್ಧತಿ ಅವರದು. ಆ ದಿನ ಮನೆಮಂದಿಯೊಂದಿಗೆ ಕೂತು ಉಣ್ಣುವ ಮೂಲನಿವಾಸಿಗಳೂ ಇದ್ದಾರೆ.

ಪತ್ರಿಕೋದ್ಯಮ ಓದಿದ ನಮಗೆ ಈ ಕತೆ ಬಹಳ ಹತ್ತಿರದ್ದು ಅನ್ನಿಸಿತು. ಊಟಕ್ಕೆ ಕೂತವರಲ್ಲಿ ಸುಮಾರು 50 ಜನ ಒಂದು ಕಡೆ, 90 ಜನ ಇನ್ನೊಂದು ಕಡೆ. ಕಡಿಮೆ ಇದ್ದವರ ಕಡೆಯ ಒಬ್ಬನ ಪತ್ರ ಉಳಿಯಿತು, ಅದೇ ಸುದ್ದಿಯಾಯಿತು, ಆಮೇಲೆ ಪಾಠವಾಯಿತು. ನಾವೂ ಜಾತ್ರೆ, ದಾಸೋಹದ ವರದಿ ಬರೆಯುವಾಗ ವೇದಿಕೆ ಮೇಲಿದ್ದವರ ಹೆಸರು ಮೊದಲು ಬರೆದುಕೊಳ್ಳುತ್ತೇವೆ. ಅಡುಗೆ ಮಾಡಿದವರನ್ನು, ಕೊನೆಯ ಪಂಕ್ತಿಯಲ್ಲಿ ಕೂತವರನ್ನು, ಬಾರದೆ ಉಳಿದವರನ್ನು ಎಷ್ಟು ಸಲ ಮಾತಾಡಿಸಿದ್ದೇವೆ?

ಇಷ್ಟನ್ನೂ ಅಜ್ಜಿಗೆ ಹೇಳಿದೆವು. ಟರ್ಕಿ, ಲಿಂಕನ್ ಯಾವುದೂ ಅವರಿಗೆ ಮುಖ್ಯ ಅನ್ನಿಸಲಿಲ್ಲ. “ಬೀಜ ಕೊಟ್ಟವರ ಹೆಸರು ಹೇಳಿ ಉಂಡಿದ್ರ ಸಾಕಾಗಿತ್ತು” ಅಂದು ಎದ್ದು ಹೋದರು.

ಈ ಸಲ ಸುಗ್ಗಿಯ ಊಟಕ್ಕೆ ಕೂತಾಗ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ನಮ್ಮ ಹೊಲಕ್ಕೆ ಮೊದಲ ಬೀಜ ಯಾರ ಮನೆಯಿಂದ ಬಂತು? ಅವರು ಹೇಳಿದ್ದನ್ನು ಬರೆದಿಡಿ. ನಮಗೂ ಕಳಿಸಿ.